ಹತ್ತಿಯ ಕಾಯಿಯಲ್ಲಿ ಕಾಣುವ ಎರಡು ಬಗೆಯ ಗುಲಾಬಿ ಹುಳುಗಳು

ಹತ್ತಿಯ ಕಾಯಿಯನ್ನು ಬಿಡಿಸಿದಾಗ ಒಳಗೆ ಗುಲಾಬಿ ಬಣ್ಣದ ಹುಳುವು ಕಂಡೊಡನೆ ರೈತರು ಕಳವಳಗೊಳ್ಳುವುದು ಸಹಜವೇ. ಆದರೆ ಇಂತಹ ಹುಳುಗಳೆಲ್ಲವೂ ಒಂದೇ ಜಾತಿಯವಲ್ಲ. ಒಂದು ಬೆಳೆಯನ್ನು ಕೆಡಿಸತಕ್ಕದ್ದು. ಇನ್ನೊಂದು ಆಗಲೇ ಕೆಟ್ಟುದನ್ನು ತಿನ್ನತಕ್ಕದ್ದು. ಈ ಭೇದವನ್ನರಿಯದೆ ಔಷಧಕ್ಕೆ ವೃಥಾ ಹಣ ಸುರಿದವರೂ ಉಂಟು. ನಿಜವಾದ ಶತ್ರುವನ್ನು ಅಲಕ್ಷ್ಯಮಾಡಿ ಫಸಲನ್ನು ಕಳೆದುಕೊಂಡವರೂ ಉಂಟು.

1. ಕೊಳೆ ತಿನ್ನುವ ಹುಳು.— ಶಾಸ್ತ್ರಜ್ಞರು ಇದನ್ನು ಅನಾಟ್ರಾಕಿಂಟಿಸ್ ಸಿಂಪ್ಲೆಕ್ಸ್ ಎಂದು ಕರೆಯುವರು. ಇದು ನಮ್ಮ ದೇಶದಲ್ಲಿಯೂ ಆಫ್ರಿಕಾ ಖಂಡದಲ್ಲಿಯೂ ಹರಡಿರುವ ಅತಿ ಸಣ್ಣ ಪತಂಗದ ಮರಿ. ಪತಂಗವು ರೆಕ್ಕೆಗಳನ್ನು ಬಿಚ್ಚಿದರೂ ಸುಮಾರು ಅರ್ಧ ಅಂಗುಲವನ್ನು ಮೀರದು. ರೆಕ್ಕೆಗಳು ಬಹು ಕಿರಿದಾಗಿ, ಅಂಚಿನಲ್ಲಿ ಉದ್ದವಾದ ಕೂದಲುಗಳುಳ್ಳವು. ಹುಳುವು ತೆಳ್ಳಗಿದ್ದು, ಬಲಿತರೂ ಅಂಗುಲದ ಮೂರರಲ್ಲೊಂದು ಭಾಗದಷ್ಟೇ. ಬಾಡಿದ ಹೂ, ಮಳೆಗೆ ಕೊಳೆತ ಕಾಯಿ, ಬೇರೆ ಹುಳುಗಳು ಕೊರೆದುಬಿಟ್ಟ ಕಾಯಿ ಇವೇ ಇದರ ಮುಖ್ಯ ಆಹಾರ. ಜೋಳದ ತೆನೆಗಳಲ್ಲಿಯೂ ಇದು ಕಾಣುವುದುಂಟು.

2. ಗುಲಾಬಿ ಕಾಯಿಕೊರಕ.— ಭರೂಚಿನಿಂದ ಬಂದ ಮಾದರಿಗಳನ್ನು ನೋಡಿ ಸಾಂಡರ್ಸ್ ಎಂಬ ಪಂಡಿತರು 1843ರಲ್ಲಿ ಇದನ್ನು ವರ್ಣಿಸಿದರು. ಬಲಿತ ಹುಳುವು ಸುಮಾರು ಅರ್ಧ ಅಂಗುಲ ಉದ್ದವಿದ್ದು, ಮೊದಲನೆಯದಕ್ಕಿಂತ ದಪ್ಪ. ಬೆನ್ನಿನ ಮೇಲೆ ಅಡ್ಡವಾಗಿ ಗುಲಾಬಿ ಪಟ್ಟೆಗಳಿರುವುವು. ಇದು ಹಸಿರು ಕಾಯಿಯನ್ನೇ ಹೊಕ್ಕು ಬೀಜವನ್ನು ತಿನ್ನುವುದು. ಎರಡು ಬೀಜಗಳನ್ನು ನೂಲಿನಿಂದ ಜೋಡಿಸಿಕೊಂಡು, ಅವುಗಳೊಳಗೆ ಮುಂದಿನ ಬೆಳೆಯವರೆಗೂ ಅಡಗಿರಬಲ್ಲದು.

ಪರೀಕ್ಷೆ.— ಕೊಳೆತ ಕಾಯಿಯನ್ನು ನೋಡಿ ತೀರ್ಮಾನಿಸಕೂಡದು. ಹೊಲದ ಬೇರೆಬೇರೆ ಕಡೆಗಳಿಂದ 20 ಹಸಿರು ಕಾಯಿಗಳನ್ನು ಕಿತ್ತು ಸೀಳಿ ನೋಡಬೇಕು. ಎರಡು ಅಥವಾ ಹೆಚ್ಚು ಕಾಯಿಗಳೊಳಗೆ ಕಾಯಿಕೊರಕವಿದ್ದರೆ ಔಷಧದ ವಿಚಾರಮಾಡುವುದು ಯುಕ್ತ. ಹಸಿರು ಕಾಯಿಗಳು ಶುದ್ಧವಾಗಿದ್ದು ಕೊಳೆತವುಗಳಲ್ಲಿ ಮಾತ್ರ ತೆಳು ಹುಳುವಿದ್ದರೆ ಔಷಧ ಬೇಕಿಲ್ಲ.

ಪರಿಹಾರ.— ಕೊಳೆ ತಿನ್ನುವ ಹುಳುವಿಗೆ ಶುಚಿತ್ವವೇ ಮದ್ದು. ಅರಳಿದ ಹತ್ತಿಯನ್ನು ತಡಮಾಡದೆ ಬಿಡಿಸಿ, ಕೊಳೆತ ಕಾಯಿಗಳನ್ನು ಬೇರ್ಪಡಿಸಿ ಸುಡಬೇಕು. ಕಾಯಿಕೊರಕಕ್ಕಾದರೋ, ಕೊನೆಯ ಬಿಡಿಸುವಿಕೆಯಾದೊಡನೆ ಉಳಿದ ಕಾಯಿಗಳನ್ನು ಕುರಿ ದನಗಳಿಗೆ ಮೇಯಿಸಿ, ಗಿಡಗಳನ್ನು ಬೇರುಸಹಿತ ಕೀಳಬೇಕು. ಕಾಯಿಗಳಿರುವ ಹತ್ತಿಕಟ್ಟಿಗೆಯನ್ನು ಸೌದೆಗೆಂದು ಒಟ್ಟಿಡಕೂಡದು.

ಒಬ್ಬನ ಹೊಲದಲ್ಲಿ ಉಳಿದ ಹುಳುವು ಪತಂಗವಾಗಿ ಹತ್ತಾರು ಹೊಲಗಳಿಗೆ ಹಾರುವುದು. ಆದುದರಿಂದ ಗ್ರಾಮದ ಮುಖಂಡರು ಮುಂದಾಗಿ, ಊರಿನವರೆಲ್ಲರೂ ಒಂದೇ ವಾರದಲ್ಲಿ ಗಿಡ ಕೀಳುವಂತೆ ಏರ್ಪಡಿಸಿದಲ್ಲಿ ಎಲ್ಲರಿಗೂ ಕ್ಷೇಮವುಂಟಾಗುವುದು.