ಹವಳದ ಗೋಡೆಯ ಬಾಗಿಲು

ಹಿಂದೂ ಮಹಾಸಾಗರದ ಮಾರಿಷಸ್ ದ್ವೀಪವು 1810ರಲ್ಲಿ ಫ್ರೆಂಚರ ವಸಾಹತಾಗಿತ್ತು. ಸುತ್ತಲಿನ ಹವಳದ ದಿಬ್ಬಗಳೇ ಅದಕ್ಕೆ ಕೋಟೆಯಂತಿದ್ದುವು. ಆ ಕೋಟೆಯೊಳಕ್ಕೆ ಆಂಗ್ಲರು ಹೇಗೆ ಹೊಕ್ಕರೆಂಬುದನ್ನು ನಾವು ನೋಡೋಣ.

ಆ ವರ್ಷದ ಆಗಸ್ಟ್ ತಿಂಗಳಲ್ಲಿ ಅವರ ನಾಲ್ಕು ಯುದ್ಧನೌಕೆಗಳು ಗ್ರಾಂಡ್ ಪೋರ್ಟ್ ಬಂದರಿನಲ್ಲಿ ಕಾದಿದುವು. ಅಲ್ಲಿಯ ನೀರಿನ ಆಳವನ್ನು ಸರಿಯಾಗಿ ಅರಿಯದೆ ಸಿರಿಯಸ್, ಮ್ಯಾಜಿಸಿಯೆನ್ ಎಂಬೆರಡು ನೌಕೆಗಳು ದಿಬ್ಬಕ್ಕೆ ಸಿಕ್ಕಿಬಿದ್ದುವು. ಶತ್ರುವಿನ ಕೈಸೇರದಿರಲೆಂದು ನಾವಿಕರೇ ಅವುಗಳಿಗೆ ಬೆಂಕಿಯಿಟ್ಟರು. ಉಳಿದೆರಡೂ ಫ್ರೆಂಚರ ವಶವಾದುವು.

ಮುಂದಿನ ದಾಳಿಗೆ ಮೊದಲು ಆಂಗ್ಲರು ಸಮುದ್ರವನ್ನು ಅಳೆದರು. ಮದರಾಸು ಸೈನ್ಯದ ಎಂಜಿನಿಯರ್ ಬ್ಲೇಕಿಸ್ಟನ್, ಎಮ್ಮಾ ನೌಕೆಯ ಅಧಿಕಾರಿ ಸ್ಟ್ರೀಟ್ ಮೊದಲಾದವರು ಕರಾವಳಿಯ ಉದ್ದಕ್ಕೂ ಆಳವನ್ನು ಪರೀಕ್ಷಿಸಿದರು. ಉತ್ತರದಲ್ಲಿ, ಒಂದು ಕಿರುದ್ವೀಪದ ಬಳಿ, ಹಡಗುಗಳು ಲಂಗರು ಹಾಕಲು ತಾವು ದೊರೆಯಿತು; ದಿಬ್ಬದ ನಡುವೆ ಹಲವು ದೋಣಿಗಳು ಒಟ್ಟಿಗೆ ಸಾಗುವಷ್ಟು ತೆರಪೂ ಕಂಡಿತು. ನವೆಂಬರ್ 29ರಂದು ಸೈನ್ಯವು ಆ ದಾರಿಯಿಂದಲೇ ಇಳಿಯಿತು. ಅದರಲ್ಲಿ ನಮ್ಮ ದೇಶದ ಸಿಪಾಯಿಗಳೂ ಇದ್ದರು. ಡಿಸೆಂಬರ್ 3ರಂದು ದ್ವೀಪವು ಶರಣಾಯಿತು.

ವಿದ್ಯಾರ್ಥಿಗಳೇ, ಆಗಸ್ಟ್‌ನಲ್ಲಿಯೂ ಧೈರ್ಯಕ್ಕೆ ಕೊರತೆಯಿರಲಿಲ್ಲ, ಕೊರತೆಯಿದ್ದುದು ಅರಿವಿಗೆ. ಯಾರೂ ದಾಟಲಾರರೆಂದು ಎಲ್ಲರೂ ನಂಬಿದ್ದ ಗೋಡೆಗೂ ಬಾಗಿಲಿತ್ತು. ಅದು ತೆರೆದುಕೊಂಡುದು ತಾಳ್ಮೆಯಿಂದ ಆಳವನ್ನು ಅಳೆದವರಿಗೆ. ನಾವು ಕಲಿಯುವ ಗಣಿತವೂ ಭೂಗೋಳವೂ ಇಂತಹ ಅಳತೆಗೋಲುಗಳೇ ಅಲ್ಲವೆ? ಆದರೆ ಅಳೆಯಲು ಬಲ್ಲವನು ತಾನು ಯಾರಿಗಾಗಿ ಅಳೆಯುತ್ತಿರುವೆನೆಂಬುದನ್ನೂ ವಿಚಾರಿಸಿಕೊಳ್ಳಬೇಕು.