ಮಕ್ಕಳ ವಿಜ್ಞಾನ ಸಮಾವೇಶಕ್ಕೆ ತಯಾರಿ: ಊರಿನ ನೀರಿನ ಘಟಕದಿಂದಲೇ ಶುರು ಮಾಡಿ

ಥರ್ಮಾಕೋಲ್ ಜ್ವಾಲಾಮುಖಿ ಶಾಲೆಯ ವಸ್ತುಪ್ರದರ್ಶನಕ್ಕೆ ಸಾಕು, ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಸಾಲದು. ಮಕ್ಕಳು ತಮ್ಮೂರಲ್ಲೇ ಓಡಾಡಿ, ಅಳೆದು, ಬರೆದು ತಂದ ಸಂಶೋಧನೆಯನ್ನು ಅಲ್ಲಿ ಕೇಳುತ್ತಾರೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 1993ರಲ್ಲಿ ಆರಂಭಿಸಿದ ಈ ಸಮಾವೇಶವನ್ನು ನಮ್ಮಲ್ಲಿ ನಡೆಸಿಕೊಂಡು ಬಂದಿರುವುದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು, ಅಂದರೆ ‘ಬಾಲ ವಿಜ್ಞಾನ’ ಮಾಸಪತ್ರಿಕೆಯವರು. 10ರಿಂದ 17 ವರ್ಷದ ಮಕ್ಕಳಿಗೆ ಅವಕಾಶವಿದೆ. ಕಿರಿಯರು, ಹಿರಿಯರು ಎಂದು ಎರಡು ವಿಭಾಗ. ದುಬಾರಿ ಕಿಟ್ ಬೇಡ, ಕನ್ನಡದಲ್ಲೇ ಮಂಡಿಸಬಹುದು. ಬೆಂಗಳೂರು ಗ್ರಾಮಾಂತರದ ಸರ್ಕಾರಿ ಶಾಲೆಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ವೇದಿಕೆ ನನಗಂತೂ ಕಾಣದು.

ತಂಡ

ಇನ್‌ಸ್ಪೈರ್ ಮಾನಕ್ ಎಂಬ ವಿಜ್ಞಾನ ಯೋಜನೆಗೆ ಮಕ್ಕಳು ಒಬ್ಬೊಬ್ಬರಾಗಿ ಹೋಗುತ್ತಾರೆ. ಇದು ಹಾಗಲ್ಲ, ಜೊತೆಯ ಕೆಲಸ. ಮೊದಲೆಲ್ಲ ಐವರ ತಂಡವಿರುತ್ತಿತ್ತು, ಈಚಿನ ವರ್ಷಗಳಲ್ಲಿ ಇಬ್ಬರು. ಜೊತೆಗೊಬ್ಬ ಮಾರ್ಗದರ್ಶಿ ಶಿಕ್ಷಕರು. ತರಗತಿಗೆ ಮೊದಲಿಗರಾದ ಇಬ್ಬರನ್ನು ಹುಡುಕುವುದಕ್ಕಿಂತ ಒಂದೇ ಊರಿನ ಇಬ್ಬರನ್ನು ಆರಿಸಿ. ಭಾನುವಾರವೂ ಅಳತೆ ತಪ್ಪಬಾರದಲ್ಲ!

ವಿಷಯ

ಮುಖ್ಯ ವಿಷಯವನ್ನು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಘೋಷಿಸುತ್ತಾರೆ. 2022 ಮತ್ತು 2023ಕ್ಕೆ ಆರೋಗ್ಯ ಮತ್ತು ಯೋಗಕ್ಷೇಮಕ್ಕಾಗಿ ಪರಿಸರ ವ್ಯವಸ್ಥೆಯನ್ನು ಅರಿಯುವುದು ವಿಷಯವಾಗಿತ್ತು. ಆಯಾ ವರ್ಷದ ಸುತ್ತೋಲೆ ಕೈಗೆ ಬಂದ ಕೂಡಲೇ ಉಪವಿಷಯಗಳನ್ನು ಓದಿ, ನಿಮ್ಮೂರಿಗೆ ಹೊಂದುವುದನ್ನು ಹಿಡಿಯಿರಿ. ದೇವನಹಳ್ಳಿಯವರಿಗೆ ಚಕ್ಕೋತದ ತೋಟಗಳಿವೆ, ದೊಡ್ಡಬಳ್ಳಾಪುರದವರಿಗೆ ಮಗ್ಗಗಳೂ ಅರ್ಕಾವತಿಯೂ ಇವೆ, ಹೊಸಕೋಟೆಯವರಿಗೆ ದೊಡ್ಡ ಕೆರೆಯ ಹಕ್ಕಿಗಳು, ನೆಲಮಂಗಲದವರಿಗೆ ಶಿವಗಂಗೆಯ ಬೆಟ್ಟದ ಗಿಡಗಳು. ‘ಜಲಮಾಲಿನ್ಯ’ ಎಂಬ ಒಂದು ಪದದ ಶೀರ್ಷಿಕೆ ಬೇಡ. ಅಂಕಿಯಲ್ಲಿ ಉತ್ತರ ಸಿಗುವಂಥ ಪ್ರಶ್ನೆ ಕೇಳಿಕೊಳ್ಳಿ.

ಅಳತೆ

ಉದಾಹರಣೆಗೆ, ಹಳ್ಳಿಗಳಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕವನ್ನೇ ನೋಡಿ. ಒಂದು 20 ಲೀಟರ್ ಕ್ಯಾನ್ ತುಂಬಲು ಎಷ್ಟು ನೀರು ಚರಂಡಿ ಪಾಲಾಗುತ್ತದೆ? ಪಂಚಾಯ್ತಿಯವರ ಒಪ್ಪಿಗೆ ಪಡೆದು, ನಿರ್ವಾಹಕರನ್ನು ಜೊತೆಗಿಟ್ಟುಕೊಂಡು, ಯಂತ್ರ ಓಡುತ್ತಿರುವಾಗ ತ್ಯಾಜ್ಯ ನೀರಿನ ಪೈಪಿಗೆ 10 ಲೀಟರ್ ಬಕೆಟ್ ಹಿಡಿಯಿರಿ. ಮೊಬೈಲಿನ ಸ್ಟಾಪ್‌ವಾಚ್‌ನಲ್ಲಿ ಸಮಯ ನೋಡಿ. ಶುದ್ಧ ನೀರು ಟ್ಯಾಂಕಿಗೆ ಹೋಗುವ ಪೈಪಿಗೂ ಹೀಗೇ ಮಾಡಿ. ಮೊದಲನೆಯದು 40 ಸೆಕೆಂಡಿಗೂ ಎರಡನೆಯದು 60 ಸೆಕೆಂಡಿಗೂ ತುಂಬಿತು ಎಂದುಕೊಳ್ಳಿ. ನಿಮಿಷಕ್ಕೆ 15 ಲೀಟರ್ ಹೊರಗೆ, 10 ಲೀಟರ್ ಒಳಗೆ. ಅಲ್ಲಿಗೆ ಒಂದು ಕ್ಯಾನಿಗೆ 30 ಲೀಟರ್ ಚರಂಡಿಗೆ. ಒಂದೇ ಸಲದ ಲೆಕ್ಕವನ್ನು ನಂಬಬೇಡಿ. ಪ್ರತಿ ಬಾರಿ ಮೂರು ಸಲ ಹಿಡಿದು ಸರಾಸರಿ ತೆಗೆಯಿರಿ, ವಾರಗಟ್ಟಲೆ ಮುಂದುವರಿಸಿ. ಫಿಲ್ಟರ್ ಹಳೆಯದಾದಂತೆ ಈ ಅಂಕಿ ಬದಲಾಗಬಹುದು. ಆ ಬದಲಾವಣೆಯೇ ನಿಮ್ಮ ಯೋಜನೆಯ ಜೀವ.

ಮುಂದಿನ ಪ್ರಶ್ನೆ: ಆ ತ್ಯಾಜ್ಯ ನೀರು ಯಾವ ಉಪಯೋಗಕ್ಕಾದರೂ ಬಂದೀತೇ? ನೀರಿನಲ್ಲಿ ಕರಗಿದ ಲವಣಾಂಶ ತೋರಿಸುವ, ಕೆಲವು ನೂರು ರೂಪಾಯಿಯ ಟಿಡಿಎಸ್ ಮೀಟರ್‌ನಿಂದ ಬೋರ್‌ವೆಲ್ ನೀರು, ಶುದ್ಧ ನೀರು, ತ್ಯಾಜ್ಯ ನೀರು ಮೂರನ್ನೂ ಅಳೆಯಿರಿ. ಒದ್ದೆ ಬಟ್ಟೆ ಹಾಸಿದ ತಟ್ಟೆಗಳಲ್ಲಿ 50-50 ರಾಗಿ ಕಾಳು ಹಾಕಿ, ಒಂದಕ್ಕೆ ತ್ಯಾಜ್ಯ ನೀರು, ಇನ್ನೊಂದಕ್ಕೆ ಮಳೆನೀರು ಚಿಮುಕಿಸಿ, ಎಷ್ಟು ಮೊಳೆತವೆಂದು ಏಳು ದಿನ ಎಣಿಸಿ. ಎರಡೂ ತಟ್ಟೆಗೆ ಕಾಳು ಒಂದೇ ಚೀಲದ್ದಿರಲಿ, ಇಡುವ ಜಾಗವೂ ಒಂದೇ ಇರಲಿ. ಬೆಳೆಯ ಬಗ್ಗೆ ಸಂದೇಹ ಬಂದರೆ ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಬಹುದು.

ಲಾಗ್‌ಬುಕ್

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯ ಇದು. ದಿನಾಂಕ, ಸಮಯ, ಅಳೆದವರು ಯಾರು, ಅಂದು ಮಳೆಯಿತ್ತೇ, ಕರೆಂಟ್ ಹೋಯಿತೇ, ಎಲ್ಲವೂ ಅಲ್ಲೇ ಪೆನ್ನಿನಲ್ಲಿ ದಾಖಲಾಗಲಿ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದುದನ್ನು ಬರೆಯಿರಿ, ವೈಟ್ನರ್ ಬೇಡ. ನೀರು ಬಿದ್ದು ಕಲೆಯಾದ ಪುಟವೂ ಹಾಗೇ ಇರಲಿ. ಕೊನೆಯ ವಾರ ಕೂತು ನೀಟಾಗಿ ನಕಲು ಮಾಡಿದ ಪುಸ್ತಕವನ್ನು ಅನುಭವಿ ತೀರ್ಪುಗಾರರು ಕೈಗೆತ್ತಿಕೊಂಡ ಕೂಡಲೇ ಗುರುತಿಸುತ್ತಾರೆ. ಪೋಷಕರೇ, ಶಿಕ್ಷಕರೇ, ದಯವಿಟ್ಟು ಮಕ್ಕಳ ಪರವಾಗಿ ಬರೆಯಬೇಡಿ.

ಮಂಡನೆ

ಜೂನ್, ಜುಲೈನಲ್ಲೇ ಅಳತೆ ಶುರುವಾದರೆ ಜಿಲ್ಲಾ ಹಂತದ ಹೊತ್ತಿಗೆ ವರದಿಗೂ ಪೋಸ್ಟರಿಗೂ ಬಿಡುವು ಸಿಗುತ್ತದೆ. ಜಿಲ್ಲೆಯಿಂದ ರಾಜ್ಯಕ್ಕೆ, ಅಲ್ಲಿಂದ ರಾಷ್ಟ್ರಮಟ್ಟಕ್ಕೆ ಆಯ್ಕೆ. ಪುಟಗಳ ಮಿತಿ, ಪೋಸ್ಟರುಗಳ ಸಂಖ್ಯೆ, ಮಾತಿನ ಸಮಯಕ್ಕೆ ಆ ವರ್ಷದ ಸುತ್ತೋಲೆಯೇ ಪ್ರಮಾಣ. ಪೋಸ್ಟರಿನಲ್ಲಿ ಊರಿನ ಕೈನಕ್ಷೆ, ಒಂದು ಕೋಷ್ಟಕ, ಒಂದು ಗ್ರಾಫ್ ಇರಲಿ. ಬಾಯಿಪಾಠದ ಭಾಷಣ ಬಿಟ್ಟು ಪಕ್ಕದ ತರಗತಿಯವರನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿಸಿ: ಮೂರೇ ಸಲ ಯಾಕೆ? ಬೇಸಿಗೆಯಲ್ಲೂ ಹೀಗೇ ಬರುತ್ತದಾ? ಗೊತ್ತಿಲ್ಲದ್ದಕ್ಕೆ ‘ಅದನ್ನು ನಾವು ಅಳೆದಿಲ್ಲ ಸಾರ್’ ಎನ್ನುವುದನ್ನೂ ಕಲಿಸಿ.

ಆಯ್ಕೆಯಾಗಲಿ ಬಿಡಲಿ, ವರದಿಯ ಒಂದು ಪ್ರತಿಯನ್ನು ಗ್ರಾಮ ಪಂಚಾಯ್ತಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಶಾಲೆಯ ಶೌಚಾಲಯಕ್ಕೆ ಆ ತ್ಯಾಜ್ಯ ನೀರಿನ ಪೈಪ್ ಹಾಕಿಸಬಹುದೇ ಎಂದು ಮಕ್ಕಳ ಗ್ರಾಮಸಭೆಯಲ್ಲಿ ಕೇಳಲು ಅದೇ ಲೆಕ್ಕ ಸಾಕು.