ಹದಿನೇಳು ಮಕ್ಕಳ ಶಾಲೆಗೆ ಬಂದ ನೋಟಿಸು

ಪ್ರಶ್ನೆ: ನಾನು ತೊಗರಿ, ಹತ್ತಿ ಬೆಳೆಯುವ ಸೀಮೆಯ ಒಂದು ಸಣ್ಣ ಸರ್ಕಾರಿ ಹೈಸ್ಕೂಲಿನ ಮುಖ್ಯಶಿಕ್ಷಕಿ. ಹೋದ ವರ್ಷ ಎಸ್ಸೆಸ್ಸೆಲ್ಸಿಗೆ ಕೂತ 16 ಮಕ್ಕಳಲ್ಲಿ 14 ಮಂದಿ ಪಾಸಾದರು. ಸಭೆಯಲ್ಲಿ ಕರೆದು ಶಾಲು ಹೊದಿಸಿದರು. ಈ ಸಲ 17ರಲ್ಲಿ 9 ಮಂದಿ ಮಾತ್ರ. ‘ನಿಮ್ಮ ಮೇಲೆ ಶಿಸ್ತುಕ್ರಮ ಏಕೆ ಜರುಗಿಸಬಾರದು’ ಎಂದು ನೋಟಿಸು ಬಂದಿದೆ, ಮೂರು ದಿನದಲ್ಲಿ ಸಮಜಾಯಿಷಿ ಕೊಡಬೇಕು. ಫೇಲಾದ ಎಂಟರಲ್ಲಿ ಐವರು ಗಣಿತವೊಂದರಲ್ಲೇ ಹೋದವರು. ಗಣಿತದ ಹುದ್ದೆ ಎರಡು ವರ್ಷದಿಂದ ಖಾಲಿ. ಅತಿಥಿ ಶಿಕ್ಷಕರು ಬಂದದ್ದು ಆಗಸ್ಟ್ ಕೊನೆಗೆ. ಉಳಿದ ಮೂವರು ಅಪ್ಪ-ಅವ್ವನ ಜೊತೆ ಗುಳೆ ಹೋಗಿ ಫೆಬ್ರುವರಿಯಲ್ಲಿ ತಿರುಗಿ ಬಂದವರು. ಪಕ್ಕದೂರಿನ ಮುಖ್ಯಶಿಕ್ಷಕರೊಬ್ಬರು, ‘ಒಂಬತ್ತನೇ ಕ್ಲಾಸಿನ್ಯಾಗ ಓದಲಿಕ್ಕೆ ಬರದ ಮೂರ್ನಾಲ್ಕು ಹುಡುಗರಿಗೆ ಈಗಲೇ ಟಿ.ಸಿ. ಕೊಟ್ಟು ಕಳಿಸಿಬಿಡ್ರಿ ಮೇಡಂ, ಮುಂದಿನ ವರ್ಷ ರಿಸಲ್ಟ್ ತಾನೇ ಏರ್ತದ’ ಅನ್ನುತ್ತಾರೆ. ರಾತ್ರಿ ನಿದ್ದೆ ಬರುತ್ತಿಲ್ಲ. ಇಪ್ಪತ್ತು ವರ್ಷ ಪಾಠ ಮಾಡಿದ ನಾನು ಕೆಟ್ಟ ಶಿಕ್ಷಕಿಯೇ?

ಉತ್ತರ: ಪ್ರೀತಿಯ ಅಕ್ಕೋರೇ,

ಮೊದಲು ಟಿ.ಸಿ. ಮಾತು. ಬೇಡ, ಖಂಡಿತ ಬೇಡ. ಹೀಗೆ ಟಿ.ಸಿ. ಕೈಗೆ ಬಂದ ಹುಡುಗ ಇನ್ನೊಂದು ಶಾಲೆ ಹುಡುಕಿಕೊಂಡು ಹೋಗುವುದು ಅಪರೂಪ. ಕೂಲಿಗೆ ಹೋಗುತ್ತಾನೆ. ಹುಡುಗಿಯಾದರೆ ಮನೆಯಲ್ಲಿ ಮದುವೆ ಮಾತು ಶುರುವಾಗುತ್ತದೆ. ನಿಮ್ಮ ನಿದ್ದೆ ಕೆಡಿಸಿರುವುದು ನೋಟಿಸಿಗಿಂತ ಈ ಸಲಹೆಯೇ ಇರಬೇಕು ಅಂತ ನನ್ನ ಊಹೆ.

ಇನ್ನು ಲೆಕ್ಕ. 26 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು, ಸ್ವಲ್ಪ ಕೇಳಿ. 17 ಮಕ್ಕಳಿರುವಲ್ಲಿ ಒಂದು ಮಗು ಎಂದರೆ ಹೆಚ್ಚುಕಡಿಮೆ ಶೇ 6. ಹೋದ ವರ್ಷ ಫೇಲಾದವರು ಇಬ್ಬರು, ಈ ವರ್ಷ ಎಂಟು. ನಡುವಿನ ಆರು ಮಕ್ಕಳೇ ನಿಮ್ಮ ಫಲಿತಾಂಶವನ್ನು ಶೇ 87.5ರಿಂದ ಶೇ 53ಕ್ಕೆ ತಂದವರು. ಪಟ್ಟಣದ 200 ಮಕ್ಕಳ ಶಾಲೆಯಲ್ಲಿ ಆರು ಮಂದಿ ಹೆಚ್ಚು ಫೇಲಾದರೆ ಇಳಿಯುವುದು ಶೇ 3 ಮಾತ್ರ. ಅಲ್ಲಿ ಯಾರೂ ನೋಟಿಸು ಕೊಡುವುದಿಲ್ಲ. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಶಾಲೆಗಳ ಅಂಕಗಳನ್ನು ಜಾಲಾಡಿದ ಥಾಮಸ್ ಕೇನ್, ಡಗ್ಲಸ್ ಸ್ಟೈಗರ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಇದನ್ನೇ ಬರೆದರು: ಪಟ್ಟಿಯ ತುದಿಯಲ್ಲೂ ಸಣ್ಣ ಶಾಲೆಗಳೇ ಹೆಚ್ಚು, ತಳದಲ್ಲೂ ಅವೇ ಹೆಚ್ಚು. ಹಾಗಾಗಿ ಹೋದ ವರ್ಷದ ಶಾಲಿಗೆ ಎಷ್ಟು ತೂಕವೋ ಈ ವರ್ಷದ ನೋಟಿಸಿಗೂ ಅಷ್ಟೇ ತೂಕ. ಶಾಲಿನ ದಿನ ನೀವು ‘ನಾನು ಎಂಥ ಶಿಕ್ಷಕಿ’ ಎಂದು ಕೇಳಿಕೊಳ್ಳಲಿಲ್ಲ, ಅಲ್ಲವೇ?

ಹಾಗೆಂದು ಲೆಕ್ಕ ಕೇಳುವುದೇ ತಪ್ಪು ಅಂತ ನಾನು ಹೇಳಲಾರೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಬಿತ್ತು, ಅದೂ ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದ ಮೇಲೆ. ಎಷ್ಟೋ ವರ್ಷ ನಾವು ಮಕ್ಕಳಿಗೆ ಕಲಿಸದೆ ಪಾಸು ಮಾಡಿಸಿದ್ದೆವು, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಅದೇ ವರ್ಷ ಉಡುಪಿ ಶೇ 94, ಯಾದಗಿರಿ ಶೇ 50.59. ಇಷ್ಟು ಅಂತರಕ್ಕೆ ಯಾದಗಿರಿಯ ಮೇಷ್ಟ್ರುಗಳ ಸೋಮಾರಿತನವೇ ಕಾರಣ ಅಂದರೆ ನಾನು ಒಪ್ಪುವುದಿಲ್ಲ. ಖಾಲಿ ಹುದ್ದೆ, ಬಸ್ಸಿಲ್ಲದ ಊರು, ಗುಳೆ ಇವೆಲ್ಲ ಆ ಅಂಕಿಯೊಳಗೇ ಇವೆ. ನಿಮ್ಮಿಂದ ಲೆಕ್ಕ ಕೇಳುವವರು ಗಣಿತದ ಹುದ್ದೆಯ ಲೆಕ್ಕವನ್ನೂ ಕೊಡಬೇಕು.

ಅದನ್ನು ಸಮಜಾಯಿಷಿಯಲ್ಲೇ ಬರೆಯಿರಿ, ಸಿಟ್ಟಿಲ್ಲದೆ, ಗೋಗರೆಯದೆ. ಶೇಕಡಾವಾರು ಬಿಟ್ಟು ಎಂಟು ಮಕ್ಕಳ ಒಂದು ಪಟ್ಟಿ ಹಾಕಿ: ಹೋದ ವಿಷಯ, ಬಂದ ಅಂಕ, ಇಲಾಖೆಯ ವಿದ್ಯಾರ್ಥಿ ದಾಖಲೆ ತಂತ್ರಾಂಶ ಸ್ಯಾಟ್ಸ್‌ನಲ್ಲಿರುವ ಹಾಜರಾತಿ. ಹುದ್ದೆ ಯಾವ ದಿನದಿಂದ ಖಾಲಿ, ನೀವು ಯಾವ್ಯಾವ ದಿನ ಪತ್ರ ಬರೆದಿರಿ, ಅತಿಥಿ ಶಿಕ್ಷಕರು ಯಾವತ್ತು ಹಾಜರಾದರು ಎಂಬುದನ್ನು ಪತ್ರಗಳ ನಕಲಿನೊಂದಿಗೆ ಕೊಡಿ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ನಡಾವಳಿಯಲ್ಲಿ ಈ ವಿಷಯ ಚರ್ಚೆಯಾಗಿದ್ದರೆ ಅದನ್ನೂ ಲಗತ್ತಿಸಿ. ಫೇಲಾದವರು ಮತ್ತೆ ಬರೆಯುವ ಪರೀಕ್ಷೆ-2ರಲ್ಲಿ ಗಣಿತದ ಐವರೂ ಪಾಸಾದರೆ ನಿಮ್ಮ ಫಲಿತಾಂಶ 17ಕ್ಕೆ 14, ಅಂದರೆ ಶೇ 82 ಎಂದು ಕೊನೆಗೆ ಕಾಣಿಸಿ. ಒಂದು ಮಾತ್ರ ಬರೆಯಬೇಡಿ: ‘ಪೋಷಕರ ನಿರಾಸಕ್ತಿ’. ಹೊಟ್ಟೆಗಾಗಿ ಊರು ಬಿಡುವವರಿಗೆ ಆ ಮಾತು ಹೊಂದುವುದಿಲ್ಲ.

ಕೆಟ್ಟ ಶಿಕ್ಷಕಿಯೇ ಎಂದು ಕೇಳಿದ್ದೀರಿ. ನನ್ನದೇ ಒಂದು ಹೇಳುತ್ತೇನೆ. ಹತ್ತಿ ಸೀಮೆಯಲ್ಲಿದ್ದಾಗ ಒಂದು ಜನವರಿ, ಕಿರುಪರೀಕ್ಷೆ. ವೃತ್ತಕ್ಕೆ ಸ್ಪರ್ಶಕ ಎಳೆಯಬೇಕು. ಒಬ್ಬ ಹುಡುಗಿ ಕೈವಾರ ಹಿಡಿಯುವುದು, ಬಿಡುವುದು, ಮತ್ತೆ ಹಿಡಿಯುವುದು. ಖಾಲಿ ಹಾಳೆ ಕೊಟ್ಟಳು, ಗದರಿ ಸೊನ್ನೆ ಹಾಕಿದೆ. ಸಂಜೆ ಕಸ ಗುಡಿಸುವಾಗ ಅವಳ ಬೆರಳು ಕಂಡವು. ಉಗುರಿನ ಸುತ್ತ ಗೀರುಗಳು, ಒಣಗಿದ ರಕ್ತ. ಹದಿನೈದು ದಿನ ಹತ್ತಿ ಬಿಡಿಸಲು ಹೋಗಿದ್ದಳು. ಒಣಗಿದ ಹತ್ತಿಕಾಯಿಯ ತುದಿ ಮುಳ್ಳಿನಷ್ಟೇ ಚೂಪು. ಸ್ಪರ್ಶಕ ಎಳೆಯುವುದು ಹೇಗೆ ಅಂದೆ. ಹಂತ ಹಂತವಾಗಿ, ಒಂದೂ ತಪ್ಪದೆ ಬಾಯಲ್ಲಿ ಹೇಳಿದಳು. ಆ ಸೊನ್ನೆ ತಿದ್ದಿದೆ. ಆದರೆ ಅದಕ್ಕೂ ಮೊದಲು ಎಷ್ಟು ಬೆರಳು ನೋಡದೆ ಸೊನ್ನೆ ಹಾಕಿದ್ದೆನೋ, ಅದು ಇವತ್ತಿಗೂ ಕಾಡುತ್ತದೆ.

ಆದ್ದರಿಂದ ನಿಮ್ಮ ಪಾಲನ್ನೂ ನೀವು ನೋಡಿಕೊಳ್ಳಿ, ನೋಟಿಸಿಗಾಗಿ ಅಲ್ಲ. ಆ ಮೂವರು ಗುಳೆ ಹೊರಟಾಗ ನಿಮಗೆ ಗೊತ್ತಿತ್ತೇ? ಈ ಸಲ ದಸರೆಗೆ ಮೊದಲೇ ಹತ್ತನೇ ಕ್ಲಾಸಿನವರಲ್ಲಿ ಯಾರ ಮನೆ ಖಾಲಿಯಾಗುತ್ತದೆ ಎಂದು ವಿಚಾರಿಸಿ. ಊರಲ್ಲಿ ಉಳಿಯುವ ಅಜ್ಜಿ ಇದ್ದರೆ ಆಕೆಯ ಹತ್ತಿರ, ಇಲ್ಲವಾದರೆ ಸಮಾಜ ಕಲ್ಯಾಣ ಇಲಾಖೆಯ ಅಥವಾ ಹಿಂದುಳಿದ ವರ್ಗಗಳ (ಬಿಸಿಎಂ) ಹಾಸ್ಟೆಲಿನಲ್ಲಿ ಮಗುವನ್ನು ಬಿಡಲು ಅಪ್ಪ-ಅವ್ವನ ಜೊತೆ ಕೂತು ಮಾತಾಡಿ. ಹಾಸ್ಟೆಲಿನ ಅರ್ಜಿ ವರ್ಷದ ಆರಂಭದಲ್ಲೇ ಹಾಕಬೇಕು. ಅಕ್ಟೋಬರಿನಲ್ಲಿ ಓಡಾಡಿದರೆ ಸೀಟು ಸಿಗುವುದು ಕಷ್ಟ. ಒಂಬತ್ತರಲ್ಲಿ ಓದಲು ಬಾರದವರಿಗೆ ಪಾಸಾಗುವಷ್ಟನ್ನೇ ಉರು ಹೊಡೆಸುವ ಪಾಸಿಂಗ್ ಪ್ಯಾಕೇಜ್ ಈಗ ಬೇಡ. ದಿನಕ್ಕೆ ಮುಕ್ಕಾಲು ಗಂಟೆ ಕನ್ನಡ ಓದಿಸಿ, ಕೂಡುವ ಕಳೆಯುವ ಲೆಕ್ಕ ಮಾಡಿಸಿ. ಅವರಿಗೆ ಇನ್ನೂ ಸಮಯ ಇದೆ.

ಸಮಜಾಯಿಷಿ ನಾಳೆ ಬರೆಯಿರಿ. ಇವತ್ತು ಸಂಜೆ ಗಣಿತದ ಆ ಐವರ ಮನೆಗೆ ಹೋಗಿಬನ್ನಿ. ಪರೀಕ್ಷೆ-2ಕ್ಕೆ ಹೆಸರು ನೋಂದಾಯಿಸಲು ಸಿಗುವ ದಿನಗಳು ಕಡಿಮೆ, ಫೇಲಾದ ಮಕ್ಕಳು ತಾವಾಗಿ ಶಾಲೆಯ ಕಡೆ ತಲೆ ಹಾಕುವುದಿಲ್ಲ.